ನೆಲಮಾಳಿಗೆಯ ಒಡಂಬಡಿಕೆ

ಜುಲೈ 3, ಬೆಳಿಗ್ಗೆ 11

ಪ್ರಿಂಟರ್ ಮತ್ತೆ ಕಾಗದ ನುಂಗಿತು. ನಲವತ್ತೊಂದನೆಯ ಒಡಂಬಡಿಕೆಯನ್ನು ಬೀರುವಿಗೆ ಸೇರಿಸಿದೆ. ಹೊರದೇಶದ ವಿಶ್ವವಿದ್ಯಾಲಯದವರು ಬರುತ್ತಾರೆ, ನಮ್ಮ ಕುಲಸಚಿವರು ಸಹಿ ಹಾಕುತ್ತಾರೆ, ಕೈಕುಲುಕಿ ಒಂದು ಫೋಟೊ. ಆಮೇಲೆ ಫೈಲಿಗೆ ಐದು ವರ್ಷ ನಿದ್ದೆ. ಮನೆಯಲ್ಲಿ ಯಜಮಾನರು ನನಗಿಟ್ಟ ಹೆಸರು 'ಸಂಬಂಧ ಕುದುರಿಸೋಳು'. ನಿನ್ನೆ ಅತ್ತೆ ಕೇಳಿದರು, "ಇಷ್ಟು ಸಂಬಂಧ ಕುದುರಿಸಿದೀಯಲ್ಲ, ಒಂದಾದ್ರೂ ಸಂಸಾರ ಮಾಡ್ತಾ?" ತಟ್ಟೆ ಎತ್ತಿಟ್ಟೆ.

ಜುಲೈ 9

ಹೊಸ ಪತ್ರ. ಭೂಮಿಯ ಆಚೆ ಮಗ್ಗುಲಿನ ಒಂದು ದ್ವೀಪದಿಂದ. ಭೂಕಂಪ ಅಧ್ಯಯನ ಮಾಡುವ ಸಂಸ್ಥೆಯಂತೆ. ನಿಮ್ಮಲ್ಲಿ ಭೂಕಂಪ ದಾಖಲಿಸುವ ಕೋಣೆಯಿದೆಯಲ್ಲ, ಅದರ ಹಳೆಯ ಹಾಳೆಗಳು ನಮಗೆ ಬೇಕು, ಒಡಂಬಡಿಕೆ ಮಾಡಿಕೊಳ್ಳೋಣ ಎಂದಿದ್ದಾರೆ. ಹದಿನಾರು ವರ್ಷದಿಂದ ಇಲ್ಲಿದ್ದೇನೆ, ಅಂಥದ್ದೊಂದು ಕೋಣೆ ಇದೆಯೆಂದೇ ಗೊತ್ತಿಲ್ಲ.

ಭೌತಶಾಸ್ತ್ರ ಕಟ್ಟಡದ ನೆಲಮಾಳಿಗೆ. ಇಳಿದು ಹೋದೆ. ಒಂದೇ ದೀಪ. ನಿಧಾನವಾಗಿ ತಿರುಗುವ ಡ್ರಮ್ಮು, ಅದರ ಮೇಲೆ ಗೆರೆ ಎಳೆಯುತ್ತಲೇ ಇರುವ ಪೆನ್ನು. ದಿನಕ್ಕೊಂದು ಹಾಳೆ, ಇಪ್ಪತ್ತಾರು ವರ್ಷದ್ದು. ಕಾಯುವವರು ಒಬ್ಬರೇ. ಎಲ್ಲರೂ 'ನಡುಗು ಮೇಷ್ಟ್ರು' ಎನ್ನುತ್ತಾರಂತೆ.

"ಆ ಕಡೆ ಭೂಮಿ ನಡುಗಿದ್ರೆ ಇಪ್ಪತ್ತು ನಿಮಿಷದಲ್ಲಿ ಇಲ್ಲಿಗೆ ಬರುತ್ತೆ" ಎಂದರು. "ಸುತ್ತಿ ಬರೋದಲ್ಲ. ಭೂಮಿಯ ಹೊಟ್ಟೆಯೊಳಗಿಂದಲೇ."

"ನನ್ನ ಚಪ್ಪಲಿ ಕೆಳಗಿಂದಲೂ?"

"ಮತ್ತೆ? ನೀವು ಮೇಲೆ ಟೀ ಕುಡೀತಿರ್ತೀರಿ, ಗೊತ್ತಾಗಲ್ಲ ಅಷ್ಟೆ."

ವಾಪಸ್ಸು ಬರುವಾಗ ಕಾರಿಡಾರಿನಲ್ಲಿ ಮೆಲ್ಲಗೆ ಹೆಜ್ಜೆ ಇಟ್ಟೆ — ಯಾರಾದರೂ ನೋಡಿದ್ದರೆ ನಕ್ಕಿರುತ್ತಿದ್ದರು.

ಜುಲೈ 10

ಮೇಷ್ಟ್ರು ಆಗಸ್ಟ್ 31ಕ್ಕೆ ನಿವೃತ್ತಿ. ಆ ಕೋಣೆ ಹಳೆಯ ಉತ್ತರಪತ್ರಿಕೆ ತುಂಬಿಡಲು ಬೇಕಂತೆ. ಯಂತ್ರ, ಹಾಳೆ ಎಲ್ಲ ರದ್ದಿಗೆ. ಕುಲಸಚಿವರ ಸಹಿ ಬಿದ್ದ ಆದೇಶವನ್ನು ಮೇಷ್ಟ್ರು ಮಡಿಚಿ ಡ್ರಮ್ಮಿನ ಕಾಲಿಗೆ ಆನಿಸಿಟ್ಟಿದ್ದಾರೆ, ಅಲುಗದಿರಲಿ ಎಂದು. ಒಡಂಬಡಿಕೆಯಾದರೆ ಆದೇಶ ರದ್ದಾಗುತ್ತದೆ. ಇದೊಂದಾದರೂ ಸಂಸಾರ ಮಾಡಲಿ.

ಜುಲೈ 24

ಕರಡು ಮುಗಿಯಿತು. ನಾವು ನೆಲಮಾಳಿಗೆಯನ್ನೂ ಹಾಳೆಗಳನ್ನೂ ಹತ್ತು ವರ್ಷ ಕಾಪಾಡಬೇಕು, ಒಬ್ಬರನ್ನು ನೇಮಿಸಬೇಕು. ಅವರು ತಮ್ಮ ಮೂರು ಸಮುದ್ರ ಠಾಣೆ, ಒಂದು ಹಡಗು ನಡೆಸಿ, ಸಿಕ್ಕ ಮಾಹಿತಿ ನಮಗೂ ಕೊಡಬೇಕು. ಅಲ್ಲಿ ನನ್ನದೇ ಕೆಲಸ ಮಾಡುವವಳು ಒಬ್ಬಳಿದ್ದಾಳೆ. ಇ-ಮೇಲ್ ಚುಟುಕು. ನಾನು ಏಳುವಾಗ ಅವಳು ಮಲಗುತ್ತಾಳೆ.

ಜುಲೈ 28

ಎರಡು ಮೂಲ ಪ್ರತಿ. ನಮ್ಮಲ್ಲಿ ಉಳಿಯುವುದರಲ್ಲಿ ನಮ್ಮ ಹೆಸರು ಮೊದಲು, ಅವರಲ್ಲಿ ಉಳಿಯುವುದರಲ್ಲಿ ಅವರದ್ದು ಮೊದಲು. ಈ ಕೆಲಸದ ಮರ್ಯಾದೆ ಅದು. ಅವರ ಪ್ರತಿಗೆಂದು ಹೆಸರುಗಳನ್ನು ಕಂಪ್ಯೂಟರಿನಲ್ಲೇ ಅದಲುಬದಲು ಮಾಡಿದೆ, ಎರಡು ನಿಮಿಷ. ಕುಲಸಚಿವರು ನಿಂತಲ್ಲೇ ಸಹಿ ಹಾಕಿದರು. ಕೊರಿಯರ್ ಹೋಯಿತು.

ಆಗಸ್ಟ್ 12, ಮಧ್ಯಾಹ್ನ

ಅವರ ಸಹಿಯೊಂದಿಗೆ ನಮ್ಮ ಪ್ರತಿ ಬಂತು, ಅವರ ಪ್ರತಿಯ ನಕಲೂ ಬಂತು. ಕಾನೂನು ಅಧಿಕಾರಿ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರು. ನಾನು ಹೆಸರು ಅದಲುಬದಲು ಮಾಡಿದ್ದು ಮೊದಲ ಪುಟದಲ್ಲಿ ಮಾತ್ರವಲ್ಲ... ಅವರ ಇಡೀ ಪ್ರತಿಯಲ್ಲಿ. ಅದರ ಪ್ರಕಾರ ನಮ್ಮ ನೆಲಮಾಳಿಗೆಯನ್ನು ಕಾಪಾಡಬೇಕಾದವರು ಅವರು. ಸಮುದ್ರದಲ್ಲಿ ಹಡಗು ನಡೆಸಬೇಕಾದವರು ನಾವು. ಕೊನೆಯಲ್ಲಿ ನಾನೇ ಬರೆದ ಸಾಲು — ಎರಡೂ ಪ್ರತಿ ಸಮಾನವಾಗಿ ಸಿಂಧು.

ಕುಲಸಚಿವರು ಕೂಗಾಡಲಿಲ್ಲ. "ನಮ್ಮ ಬಸ್ಸಿಗೇ ಡ್ರೈವರ್ ಇಲ್ಲ ಕಣಮ್ಮ, ಹಡಗು ಯಾರು ನಡೆಸೋದು?" ಎಂದರು. "ರದ್ದು ಮಾಡಿ. ಕೋಣೆ ಖಾಲಿ ಆಗ್ಲಿ."

ಆಗಸ್ಟ್ 13

ಮೇಷ್ಟ್ರಿಗೆ ಹೇಳಿದೆ. ಬೈದಿದ್ದರೆ ವಾಸಿಯಿತ್ತು. "ಹಡಗಾ?" ಎಂದು ನಕ್ಕರು. ಆಮೇಲೆ ಆ ದಿನದ ಹಾಳೆ ಬಿಡಿಸಿ ದಿನಾಂಕ ಬರೆದು ಕಟ್ಟಿಗೆ ಸೇರಿಸಿದರು. ಕೊನೆಯ ದಿನಕ್ಕೆ ಇನ್ನು ಹದಿನೆಂಟು ಹಾಳೆ.

ಆಚೆಯವಳಿಗೆ ಎಲ್ಲ ತಪ್ಪೊಪ್ಪಿ ಬರೆದೆ.

ಆಗಸ್ಟ್ 20

ಉತ್ತರ ಬಂತು. ಮೂರು ಸಲ ಓದಿದೆ. "ನಾವು ಓದಿಯೇ ಸಹಿ ಹಾಕಿದೆವು. ಹಡಗಿನ ಚಿಂತೆ ಬಿಡಿ, ಅದನ್ನು ನಾವೇ ನಡೆಸುತ್ತೇವೆ. ಆದರೆ ನಮ್ಮ ಪ್ರತಿಯ ಪ್ರಕಾರ ಆ ಕೋಣೆ ಈಗ ನಮ್ಮ ಹೊಣೆ. ನಮ್ಮನ್ನು ಕೇಳದೆ ಒಂದು ಹಾಳೆಯೂ ಹೊರಗೆ ಹೋಗಬಾರದು. ತಿದ್ದಿದ ಪ್ರತಿಗಳನ್ನು ನಾನೇ ತರುತ್ತೇನೆ."

ಬೇಕೆಂದೇ ಸಹಿ ಹಾಕಿದ್ದಾರೆ. ಅರ್ಧ ಭೂಮಿಯಾಚೆ ಯಾರಿಗೋ ನಮ್ಮ ನೆಲಮಾಳಿಗೆ ಇಷ್ಟು ಬೇಕಾಗಿದೆ... ನಂಬಲಾಗುತ್ತಿಲ್ಲ.

ಕುಲಸಚಿವರು ಮೂಗು ಮುರಿದರು. "ಬರ್ಲಿ, ತೋರಿಸಿ ಕಳಿಸೋಣ. ನಾನಂತೂ ಮತ್ತೆ ಸಹಿ ಹಾಕಲ್ಲ."

ಆಗಸ್ಟ್ 27, ಸಂಜೆ 5

ಆಚೆಯವಳು ಬಂದಳು, ತಿದ್ದಿದ ಪ್ರತಿಗಳೊಂದಿಗೆ.

ನನ್ನಷ್ಟೇ ವಯಸ್ಸು ಅವಳಿಗೆ. ಮೋಟು ಕೂದಲು, ದಪ್ಪ ಕನ್ನಡಕ. ಟೀ ಬೇಡವೆಂದಳು, ನೇರ ಕೋಣೆಗೇ ನಡೆದಳು. ಕುಲಸಚಿವರು ಗಡಿಯಾರ ನೋಡುತ್ತ ಹಿಂದೆ ಇಳಿದರು. ಮೇಷ್ಟ್ರ ಮುಂದೆ ನಿಂತು ಅವಳು ಒಂದು ದಿನಾಂಕ ಹೇಳಿದಳು, ಹದಿನಾಲ್ಕು ವರ್ಷದ ಹಿಂದಿನದು. ಆ ದಿನ ಭೂಕಂಪವಾಗಿ ಅವರ ದ್ವೀಪದ ಠಾಣೆ ಸಮುದ್ರದ ಪಾಲಾಗಿತ್ತಂತೆ. ಅಲ್ಲಿನ ಯಂತ್ರ, ಕಾಗದ, ಏನೂ ಉಳಿದಿಲ್ಲ. ಯಂತ್ರ ಕಾಯುತ್ತಿದ್ದವನು ಅವಳ ಅಪ್ಪ.

ಮೇಷ್ಟ್ರು ಪಟ್ಟಿ ನೋಡಲಿಲ್ಲ. ನೇರ ಹೋಗಿ ಆ ಕಟ್ಟು ಇಳಿಸಿದರು. ಹಾಳೆಯುದ್ದಕ್ಕೂ ಸಣ್ಣ ಗೆರೆ, ನಡುವೆ ಒಮ್ಮೆಲೇ ಕಪ್ಪಾಗಿ, ಪೆನ್ನು ಅಂಚು ದಾಟಿ ಹೋಗಿದೆ. ಅವಳು ಬೆರಳಿಟ್ಟಳು. ಬೆರಳು ಎತ್ತಲಿಲ್ಲ. ಅಂಚಿನಲ್ಲಿ ಮೇಷ್ಟ್ರ ಪೆನ್ಸಿಲ್ ಬರಹ. ಏನದು ಎಂದು ನನ್ನನ್ನು ಕೇಳಿದಳು. ಓದಿದೆ.

"10.42. ಬಹಳ ದೂರದ್ದು, ಬಹಳ ದೊಡ್ಡದು. ಸಮುದ್ರ ಏಳಬಹುದು. ಅಲ್ಲಿ ಯಾರಿದ್ದಾರೋ. ಬೇಗ ಎತ್ತರಕ್ಕೆ ಓಡಲಿ."

ಇಂಗ್ಲಿಷಿನಲ್ಲಿ ಹೇಳಿದೆ. ಅವಳು, ಅಪ್ಪ ಓಡಲಿಲ್ಲ, ಯಂತ್ರ ಬಿಟ್ಟು ಬರಲೊಪ್ಪಲಿಲ್ಲ ಎಂದಳು. ಅದನ್ನು ಮೇಷ್ಟ್ರಿಗೆ ಹೇಳಿದೆ.

"ನಾನಾಗಿದ್ರೂ ಬರ್ತಿರ್ಲಿಲ್ಲ" ಎಂದರು.

ಇದನ್ನು ಅವಳಿಗೆ ಹೇಳುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಮೇಷ್ಟ್ರ ಕೈ ಹಿಡಿದುಕೊಂಡಳು. ಇಷ್ಟು ದೊಡ್ಡ ಭೂಮಿ, ಅದರ ಎರಡು ಕೊನೆಯಲ್ಲಿ ಇಬ್ಬರು, ಒಬ್ಬರನ್ನೊಬ್ಬರು ನೋಡದೆ ಒಂದೇ ಕೆಲಸಕ್ಕೆ ಕೂತಿದ್ದರು...

ಕುಲಸಚಿವರು ಕೈ ಚಾಚಿದರು. "ಪೆನ್ನು ಕೊಡಿ."

ಎರಡೂ ಪ್ರತಿಗೆ ಸಹಿ ಹಾಕಿದರು. ಈ ಸಲ ಪುಟಪುಟವೂ ಓದಿ. ಬಳಿಕ ನನ್ನ ಕಡೆ ನೀಡಿ, "ನೀವೂ ಒಂದ್ಸಲ ನೋಡಿ, ಸರಿಯಿದೆಯಾ" ಎಂದರು. ನೋಡಿದೆ. ಕಣ್ಣು ಮಂಜಾಗಿ ಒಂದಕ್ಷರವೂ ಕಾಣಿಸಲಿಲ್ಲ.