ಮಚ್ಛೇಂದ್ರನ ಬ್ಯಾಂಜೋ ಪಾರ್ಟಿ

ಭಾಲ್ಕಿ
ತಾ. 9-5-1987

ಪ್ರಿಯ ಗೆಳತಿ ಅಂಜನಾಗ, ಕೌಸಲ್ಯಾ ಮಾಡೋ ಜೈಭೀಮ.

ನಿನ್ನ ಮೂರೂ ಕಾಗದ ಮುಟ್ಟ್ಯಾವ. ಒಂದಕ್ಕೂ ಉತ್ತರ ಹಾಕಲಿಲ್ಲ, ಸಿಟ್ಟಾಗಬ್ಯಾಡ. ಸಾಲಿ ಸೂಟಿ ಬಿಟ್ಟು ತಿಂಗಳಾಯ್ತು, ವ್ಯಾಳ್ಯಾ ಸಿಗಲಿಲ್ಲ ಅಂದ್ರ ಸುಳ್ಳಾಗ್ತದ. ಬರೀಲಾಕ ಕುಂತಾಗೆಲ್ಲಾ ಕೈ ನಡೀಲಿಲ್ಲ. ಮುಂಬೈದಾಗ ನಿನ್ನ ಗಂಡನ ಕೆಲಸಾ ಪಕ್ಕಾ ಆಯ್ತಂತ ಓದಿ ನಮ್ಮವ್ವ ಭಾಳ ಖುಷಿ ಪಟ್ಟಳು.

ಇಲ್ಲಿ ಬರ ಬಿದ್ದು ಇದು ಮೂರನೇ ವರ್ಷ. ಮಾಂಜ್ರಾ ಹೊಳ್ಯಾಗ ಉಸುಕು ಬಗದು ಚರಿಗಿಲೆ ನೀರು ತುಂಬ್ತಾರ. ನಮ್ಮ ಓಣ್ಯಾಗ ಹನ್ನೊಂದು ಮನಿಗಿ ಕೀಲಿ. ನಾ ಕಲಿಸೋ ವರ್ಗದಾಗ ನಲವತ್ತು ಹುಡುಗ್ಯಾರಿದ್ರು, ಪರೀಕ್ಷಾಕ್ಕ ಕುಂತವರು ಹದಿನೇಳು. ಉಳದವರು ಅವ್ವ ಅಪ್ಪನ ಹಿಂದ ಹೈದರಾಬಾದ, ಪುಣಾ ಅಂತ ಹೋಗ್ಯಾರ.

ನಿಮ್ಮಣ್ಣ ಮಚ್ಛೇಂದ್ರ ಯಾಕ ಕಾಗದ ಬರೆವಲ್ಲ, ಹೊಸದೇನರ ಬಾರ್ಸಿದನೇನು ಅಂತ ಕೇಳಿದ್ದಿ. ಹೇಳ್ತೇನಿ.

ಎರಡು ವರ್ಷದ ಹಿಂದ ಕಮಲನಗರದಾಗ ಬಾಬಾಸಾಹೇಬರ ಜಯಂತಿ ದಿವಸ ನಿಮ್ಮಣ್ಣನ ಪಾರ್ಟಿ ಬಾರಸಲಾಕ ಕುಂತಿತ್ತಲ್ಲ, ನಾವಿಬ್ಬರೂ ಹೋಗಿದ್ವಿ. ಗುರುನಾಥ ಬಾಜಾ ಪೇಟಿ ಮ್ಯಾಲ ಒಂದು ಸಾದಾ ಭಜನಿ ಧಾಟಿ ಹಿಡದ. ಲಾಲ ಅಹ್ಮದ ಢೋಲಕ ಶುರು ಮಾಡ್ದ. ನಿಮ್ಮಣ್ಣ ಬ್ಯಾಂಜೋಕ್ಕ ವಾಯರ ಹಚ್ಚಿ, ಮೈಕಿನ ಬದ್ರೋದ್ದೀನನ ಇಕೋ ಮಷೀನ ಚಾಲೂ ಮಾಡಿ ಕುಂತ. ಅರ್ಧಾ ತಾಸಿನ ಮ್ಯಾಲ ಆ ಭಜನಿ ಎಲ್ಲಿ ಹೋಯ್ತೋ ಯಾರಿಗಿ ಗೊತ್ತು! ಒಂದು ಸ್ವರ ಬಿಟ್ರ ನಾಕಾಗಿ ಹೊಳ್ಳಿ ಬರ್ತಿತ್ತು. ಒಬ್ಬ ಹಾದಿ ಬಿಟ್ರ ಇನ್ನಿಬ್ಬರು ಅವನ ಬೆನ್ನ ಹತ್ತಿ ಹೋಗ್ತಿದ್ರು. ಎಲ್ಲಿ ನಿಲ್ಲಿಸಬೇಕಂತ ಮೂವರೂ ಮೊದಲು ಮಾತಾಡ್ಕೊಂಡಿರಲಿಲ್ಲ. ನೀ ನನ್ನ ರಟ್ಟಿ ಹಿಡದು "ಕೌಸಲ್ಯಾ, ನೆಲಾ ಅಲಗ್ಯಾಡ್ಲಾಕತ್ತದೇನು?" ಅಂದಿದ್ದಿ. ಬಾಜೂಕ ಕುಂತ ಗಿರಿಜಾಬಾಯಿ "ಇದು ಹಾಡಲ್ಲವ್ವಾ, ಹುಚ್ಚು" ಅಂತಂದಳು. ಆದ್ರ ಕಡೀತನಾ ಎದ್ದು ಹೋಗಲಿಲ್ಲ. ಅವತ್ತಿನಿಂದ ಪಾರ್ಟಿ ಎಲ್ಲಿ ಕುಂತ್ರೂ ನಾ ಬಸ್ಸು ಹಿಡದು ಹೋದೆ. ಬೀದರಕ್ಕ ಹೋದೆ, ಔರಾದಕ್ಕ ಹೋದೆ. ಅದೇ ಧಾಟಿ ಹಿಡೀತಿದ್ರು, ಒಮ್ಮೆ ಬಾರ್ಸಿದ್ದು ಮತ್ತೊಮ್ಮೆ ಬಾರ್ಸಲಿಲ್ಲ.

ಹೋದ ದೀಪಾವಳಿ ಮುಗದ ಮ್ಯಾಲ ಲಾಲ ಅಹ್ಮದ ಹೈದರಾಬಾದಕ್ಕ ಸಿಮೆಂಟ ಹೊರಲಾಕ ಹೋದ. ಗುರುನಾಥ ಪೇಟಿ ಮಾರಿ ಪುಣಾಕ್ಕ ಹೋದ. ನಿಮ್ಮಣ್ಣ ಒಬ್ಬನೇ ಉಳದ.

ಜನವರಿದಾಗ ಔರಾದ ಕಡಿ ಸರಕಾರದ ಬರಗಾಲ ಕೂಲಿ ಕೆಲಸಾ ನಡದಿತ್ತು. ಅಲ್ಲಿ ಕೂಲಿ ಮಂದಿ ಮ್ಯಾಲಿನ ಮುಕಾದಮ ನಮ್ಮ ಸೋದರಮಾಮಾ ನರಸಿಂಗ. ಅವಗ ಬುತ್ತಿ ಒಯ್ದಿದ್ದೆ. ಮಧ್ಯಾಹ್ನ ಮಂದಿ ಉಣ್ಣೋವಾಗ ನಿಮ್ಮಣ್ಣ ಬ್ಯಾಂಜೋ ತಗೊಂಡು ಬಂದ. ಕರೆಂಟಿಲ್ಲ, ಮಷೀನಿಲ್ಲ, ಜೋಡಿಗಿ ಯಾರೂ ಇಲ್ಲ. ಬಿಸಲಾಗ ಕುಂತು ಬಾರ್ಸಿದ. ಇದ್ದ ಒಂದು ಧಾಟಿನ್ನೇ ತಿರುವಿ ತಿರುವಿ, ಲಾಲ ಅಹ್ಮದನ ಹೊಡತಾನೂ ತಾನೇ ಒಳಗ ತುಂಬಕೋತ ಹೋದ. ಮಾಮಾ "ಏಳ್ರಿ, ಊಟಾ ಮುಗೀತು!" ಅಂತ ಒದರಿದ. ಯಾರೂ ಏಳಲಿಲ್ಲ. ಮೀರಾಬಾಯಿ ಅನ್ನೋ ಮುದುಕಿ, "ಇದೊಂದು ಮುಗೀಲಿ ತಡೀರಿ ಸಾಹೇಬ್ರ. ಇಷ್ಟೊತ್ತು ನೀರಡಿಕಿ ಮರ್ತಿದ್ದೆನ್ರಿ" ಅಂದಳು. ಮಾಮಾ ತಾನೂ ಕುಕ್ಕರಗಾಲಲೆ ಕುಂತ. ಅಂಜನಾ, ಅಂಥಾದ್ದು ನಾ ಹಿಂದೆಂದೂ ಕೇಳಿರಲಿಲ್ಲ.

ಅವ ಬಾರ್ಸಿದ್ದು ಅದೇ ಕಡೀದು.

ಫೆಬ್ರುವರಿದಾಗ ನಿಮ್ಮಣ್ಣ ಎಕಂಬಾ ಹಾದಿ ಮ್ಯಾಲಿನ ಕಲ್ಲು ಒಡಿಯೋ ಖಡಿ ಮಷೀನಿಗಿ ಕೆಲಸಕ್ಕ ಹತ್ತಿದ. ಎಂಟನೇ ದಿವಸ ಎಡಗೈ ಮಷೀನಿನ ಪಟ್ಟಾದಾಗ ಸಿಕ್ಕಿತು. ಮೂರು ಬಟ್ಟು ಹೋದ್ವು. ಬೀದರ ದವಾಖಾನ್ಯಾಗ ಹದಿನೈದು ದಿನ ಇದ್ದ. ಗಾಯ ಮಾಯ್ದದ, ಜೀವಕ್ಕೇನೂ ಇಲ್ಲ. ನಿಮ್ಮವ್ವ ಲೀಲಾಬಾಯಿ ಗಟ್ಟಿ ಇದ್ದಾಳ. "ಅಂಜನಾಗ ಬರೀಬ್ಯಾಡ್ರಿ, ಇದ್ದದ್ದು ಬಿಟ್ಟು ಓಡಿ ಬರ್ತಾಳ" ಅಂತ ಅವನೇ ಆಣಿ ಹಾಕಿದ್ದ. ಇವತ್ತು ಅದನ್ನ ಮುರದೇನಿ.

ಹೋದ ವಾರ ಅವನ ಮನಿಗಿ ಹೋಗಿದ್ದೆ. ಬ್ಯಾಂಜೋ ಮುಂದಿಟ್ಟುಕೊಂಡು ಬಲಗೈಲೆ ತಂತಿ ಮೀಟ್ತಿದ್ದ. ಗುಂಡಿ ಒತ್ತಲಾಕ ಬಟ್ಟಿಲ್ಲ, ಬರೋದು ಒಂದೇ ಸ್ವರ. ನನ್ನ ನೋಡಿ, "ಕಮಲನಗರದಾಗ ನಾ ಏನ ಬಾರ್ಸಿದ್ದೆ ಕೌಸಲ್ಯಾ? ಎಷ್ಟು ನೆನಪು ಮಾಡ್ಕೊಂಡ್ರೂ ಬರವಲ್ದು. ನೀ ಎಲ್ಲಾ ಕೇಳಿದಾಕಿ, ಜರಾ ಬಾಯಿಲೆ ಅಂದು ತೋರ್ಸು" ಅಂದ. ಅನಲಾಕ ಹೋದೆ. ಎರಡು ಸ್ವರದ ಮುಂದ ನನಗೂ ಹಾದಿ ಸಿಗಲಿಲ್ಲ. "ಇರಲಿ ಬಿಡು" ಅಂತ ಮಾರಿ ತಿರುವಿದ.

ನಿಮ್ಮ ಮನ್ಯಾಗ ನೀರಿಗಿ ರೊಟ್ಟಿಗಿ ಎಂದೂ ಕೊರತಿ ಬರದಿರಲಿ. ಕೂಸಿಗಿ ನನ್ನ ಮುದ್ದು. ಅದು ಸಾಲಿ ಕಲ್ತು ದೊಡ್ಡದಾಗಲಿ.

ನಿನ್ನ
ಕೌಸಲ್ಯಾ

ತಾ.ಕ.: ಒಂದು ಮಾತು ಮ್ಯಾಲ ಬರೀಲಿಲ್ಲ. ಜನವರಿ ಕಡೀಕ ನೀ ಅವನ್ನ ಮುಂಬೈಕ್ಕ ಕರದಿದ್ದಿ, ಮದವಿ ಬ್ಯಾಂಡಿನಾಗ ಜಾಗಾ ನೋಡಿದ್ದಿ. ಅವ ಗಂಟು ಕಟ್ಟಿದ್ದ. ನಾ ಮಾಮಾನ ಕಾಲು ಹಿಡದು, ಅವಗ ಇಲ್ಲೇ ಒಂದು ಕೆಲಸಾ ಕೊಡ್ಸು ಅಂದೆ. "ಮಣ್ಣಿನ ಕೆಲಸಾ ಖಾಲಿ ಇಲ್ಲ. ಗುರ್ತಿನವರ ಖಡಿ ಮಷೀನ ಅದ, ಆದ್ರ ಅಲ್ಲಿ ಕೈ ಜೋಕೆ ಬೇಕು" ಅಂದ. ನಾ ಹೂಂ ಅಂದೆ. ಅವನ ಹೊಟ್ಟಿ ಚಿಂತಿಗಲ್ಲ ಅಂಜನಾ. ಅವನೂ ಹೋದ್ರ ನನಗ ಕೇಳಲಾಕ ಏನೂ ಉಳೀತಿರಲಿಲ್ಲ. ನಿಮ್ಮಣ್ಣಗ ಇದು ಗೊತ್ತಿಲ್ಲ. ನಿನಗೂ ಗೊತ್ತಿಲ್ಲದಂಗ ಇರಬಹುದಿತ್ತು, ಆದ್ರ ನೀ ಪ್ರತಿ ಕಾಗದದಾಗ "ನನ್ನ ಅಣ್ಣಗ ನೀ ಇದ್ದಿ ಅನ್ನೋದೇ ನನಗ ಧೈರ್ಯ" ಅಂತ ಬರೀತಿ.