ಬೇಡ ಅನ್ನುವವರು

೧೯೪೬, ಆಗಸ್ಟ್ ೨೯

ಬೆಳಿಗ್ಗೆ ಮೀನು ಹರವಿದೆವು. ಮಳೆ. ರಾಶಿ ಹಾಕಿ ಮುಚ್ಚಿದೆವು. ಬಿಸಿಲು. ಮತ್ತೆ ಹರವಿದೆವು. ಉಪ್ಪಿಗೆ ಬೆರಳೆಲ್ಲ ಸೀಳಿದೆ, ಪೆನ್ಸಿಲ್ ಹಿಡಿದರೂ ಉರಿ.

ಮೋರ್ಟನ್ ಬಂದಿದ್ದ. ಮೀನಿನ ವ್ಯಾಪಾರಿ, ಊರಿನ ಅರ್ಧ ಹುಲ್ಲುಗಾವಲಿನ ಒಡೆಯ, ಪಾಲುದಾರರೆಲ್ಲ ಸೇರುವ ಹುಲ್ಲುಗಾವಲು ಸಭೆಯ ಯಜಮಾನನೂ ಅವನೇ. ಹೆಂಗಸರಿಗೆ ಬುದ್ಧಿ ಹೇಳುವ ಚಟ ಬೇರೆ.

"ನಮ್ಮ ದ್ವೀಪಗಳು ಡೆನ್ಮಾರ್ಕ್ ಆಳ್ವಿಕೆ ಬಿಟ್ಬಿಟ್ರೆ ಈ ಮೀನು ಯಾರ್ ತಗೋತಾರಮ್ಮಾ? ಕಲ್ಲಿನ ಮೇಲೆ ಕೂತ್ಕೊಂಡು ಸ್ವತಂತ್ರ ತಿಂತೀರಾ?"

ಪಕ್ಕದ ಮನೆಯ ಬಿಲ್ಲಾ ಸೊಂಟ ನೆಟ್ಟಗೆ ಮಾಡಿದಳು. "ಯುದ್ಧದಲ್ಲಿ ಐದು ವರ್ಷ ಯಾರ್ ತಗೊಂಡ್ರೋ ಅವರೇ ತಗೋತಾರೆ. ಆಗ ನಿಮ್ಮ ಡೆನ್ಮಾರ್ಕ್ ಎಲ್ಲಿತ್ತು? ಜರ್ಮನರ ಕಂಕುಳಲ್ಲಿತ್ತು."

ನಾವೆಲ್ಲ ನಕ್ಕೆವು. ನನಗೆ ನಗು ಪೂರ್ತಿ ಬರಲಿಲ್ಲ. ಆ ಐದು ವರ್ಷದ ಮೀನನ್ನು ಸ್ಕಾಟ್ಲೆಂಡಿಗೆ ಹೊತ್ತವರಲ್ಲಿ ನನ್ನ ಹೈನಿಯೂ ಒಬ್ಬ. ನಮ್ಮದೇ ಬಾವುಟ ಕಟ್ಟಿಕೊಂಡು ಹೋದ ದೋಣಿ. ದೋಣಿ ಬರಲಿಲ್ಲ, ಬಾವುಟ ಬರಲಿಲ್ಲ, ಗಂಡ ಬರಲಿಲ್ಲ. ಆ ಚಳಿಗಾಲ ಕೂತು ಇನ್ನೊಂದು ಬಾವುಟ ಹೊಲಿದೆ. ಮೀನಿನ ಉಗ್ರಾಣದ ಕಂಬದ ಮೇಲೆ ಇವತ್ತು ಹಾರುತ್ತಿರುವುದು ಅದೇ. ಹೈನಿಗೆ ಗೋರಿ ಇಲ್ಲ. ಇರುವುದು ಅದೊಂದೇ.

ಸೆಪ್ಟೆಂಬರ್ ೧೧

ತಮ್ಮ ಡಾನ್ಯಲ್ ಗುಡ್ಡದಿಂದ ಇಳಿದು ಬಂದ. ಮೈಯೆಲ್ಲ ಕುರಿ ವಾಸನೆ, ಬಾಯ್ತುಂಬ ಭಾಷಣ. ಮೂರು ಮನೆ ಸುತ್ತಿ ಜಗಳ ಮುಗಿಸಿಯೇ ಬಂದಿದ್ದಾನೆ. ನಮ್ಮ ಕೈಗೆ ಅರ್ಧಂಬರ್ಧ ಆಡಳಿತ ಕೊಡುತ್ತೇವೆ ಅಂತ ಡೆನ್ಮಾರ್ಕಿನವರ ಪ್ರಸ್ತಾಪ, ಶನಿವಾರ ಅದರ ಮೇಲೆ ಮತದಾನ. ಮೂಗಿಗೆ ತುಪ್ಪ.

"ಶನಿವಾರ ತೋರಿಸ್ತೀನಿ ಅಕ್ಕಾ ಅವರಿಗೆ. ಭಾವನ ಹೆಸರು ಮಣ್ಣು ಮಾಡಲ್ಲ."

"ತೋರಿಸೋದು ಆಮೇಲೆ. ಮೊದಲು ಪಾದರಕ್ಷೆ ಹೊರಗೆ ಬಿಡು."

ಬೈದೆ. ಆದರೂ ಖುಷಿಯಾಯಿತು. ಅಪ್ಪ ಹೋದ ಮೇಲೆ ಇವನನ್ನು ಬೆಳೆಸಿದವಳು ನಾನು.

ಸೆಪ್ಟೆಂಬರ್ ೧೪, ಶನಿವಾರ

ಶಾಲೆಯಲ್ಲಿ ಮತದಾನ. ಚೀಟಿಯಲ್ಲಿ ಎರಡೇ — ಡೆನ್ಮಾರ್ಕಿನ ಪ್ರಸ್ತಾಪ, ಅಥವಾ ಬೇರೆಯಾಗುವುದು. ಬೇಕಾದದ್ದರ ಎದುರು ಗುರುತು ಹಾಕಬೇಕು. ಹಾಕಿದೆ. ಬೇರೆಯಾಗುವುದಕ್ಕೆ.

ಸಂಜೆ ಊಟಕ್ಕೆ ಡಾನ್ಯಲ್, ಬಿಲ್ಲಾ. ಒಣಮಾಂಸ, ಆಲೂಗಡ್ಡೆ. ಅವನ ಎದೆ ಗೇಣುದ್ದ ಉಬ್ಬಿತ್ತು.

"ಅವರ ಪ್ರಸ್ತಾಪದ ಮೇಲೆ ಅಡ್ಡಡ್ಡಕ್ಕೆ ಬರ್ದೆ ನೋಡು — 'ಬೇಡ' ಅಂತ! ಹೆಬ್ಬೆಟ್ಟು ದಪ್ಪದ ಅಕ್ಷರ."

"ಬೇರೆ ಆಗೋದರ ಎದುರು ಗುರುತು?"

"ಅದ್ಯಾಕೆ? ಬೇಡ ಅಂದ್ಮೇಲೆ ಬೇಡ. ಮುಗೀತಲ್ಲ."

ಬಿಲ್ಲಾ ಚಮಚ ಕೆಳಗಿಟ್ಟಳು. ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಹೊಳೆಯಿತು.

ನಮ್ಮ ಹುಲ್ಲುಗಾವಲು ಸಭೆಯ ಪದ್ಧತಿ! ಅಲ್ಲಿ ಯಾರೂ 'ಹೂಂ' ಅನ್ನುವುದಿಲ್ಲ, ಅಜ್ಜನ ಕಾಲದಿಂದಲೂ. ಯಜಮಾನ ವಿಷಯ ಹೇಳುತ್ತಾನೆ, ಬೇಡ ಅನ್ನುವವರು ಯಾರು ಅಂತ ಕೇಳುತ್ತಾನೆ. ಎಲ್ಲರೂ ಸುಮ್ಮನಿದ್ದರೆ ಆಯಿತು ಅಂತ ಲೆಕ್ಕ. ಪಾಲುದಾರರಲ್ಲಿ ಒಬ್ಬ 'ಬೇಡ' ಅಂದರೂ ಸಾಕು, ವಿಷಯ ಬಿತ್ತು. ಇವನು ದೇಶದ ಚೀಟಿಯನ್ನು ಕುರಿ ಸಭೆ ಅಂದುಕೊಂಡು ಬಂದಿದ್ದಾನೆ.

"ಅದು ಕುಲಗೆಟ್ಟ ಮತ ಕಣೋ! ಲೆಕ್ಕಕ್ಕೇ ಇಲ್ಲ!"

"ಹೆಂಗೆ ಲೆಕ್ಕಕ್ಕಿಲ್ಲ? ಅಷ್ಟು ದಪ್ಪಗೆ ಬರ್ದಿದೀನಿ!"

ಸೆಪ್ಟೆಂಬರ್ ೧೬

ಗೆದ್ದೆವು!! ಕೂದಲೆಳೆಯಷ್ಟು ಅಂತರ, ಆದರೂ ಗೆದ್ದೆವು. ಬಿಲ್ಲಾ ಓಡಿ ಬಂದು ಉಪ್ಪಿನ ಕೈಯಲ್ಲೇ ತಬ್ಬಿಕೊಂಡಳು. ಡಾನ್ಯಲ್ ನನ್ನ ಮುಂದೆ ಹಲ್ಲು ಕಿರಿದ. "ನೋಡ್ದ್ಯಾ, ಸುಮ್ನೆ ಬೈದೆ." ಬೈದದ್ದನ್ನು ವಾಪಸ್ ತೆಗೆದುಕೊಂಡೆ. ಹೊರಗೆ ಹೋಗಿ ಕಂಬದ ಕೆಳಗೆ ನಿಂತು ಬಾವುಟ ನೋಡಿದೆ.

ಸೆಪ್ಟೆಂಬರ್ ೨೫

ಎಲ್ಲ ಮುಗಿಯಿತು.

ನಮ್ಮ ಸಂಸತ್ತು ಸ್ವತಂತ್ರ ಅಂದಿತ್ತು, ಒಂದೇ ಮತದ ಬಲದಲ್ಲಿ. ಡೆನ್ಮಾರ್ಕಿನ ದೊರೆ ಆ ಸಂಸತ್ತನ್ನೇ ವಿಸರ್ಜಿಸಿದ್ದಾನೆ. ಹೊಸ ಚುನಾವಣೆಯಂತೆ. ಕಾರಣ ಕೇಳಿದರೆ, ಹೆಚ್ಚು ಬಂದಿದೆ ಸರಿ, ಆದರೆ ಹಾಕಿದ ಮತದಲ್ಲಿ ಅರ್ಧ ದಾಟಿಲ್ಲವಲ್ಲ ಅಂತ ಮೋರ್ಟನ್ ಅಂಗಡಿ ಜಗುಲಿಯಲ್ಲಿ ಎಲ್ಲರಿಗೂ ಪಾಠ ಹೇಳುತ್ತಿದ್ದ. ಕುಲಗೆಟ್ಟ ಚೀಟಿಗಳೂ ಆ ಲೆಕ್ಕದಲ್ಲಿ ಸೇರಿದ್ದವಂತೆ, ಅವೇ ನೂರಾರು. ದ್ವೀಪ ದ್ವೀಪದಲ್ಲೂ ಹೀಗೆ ಬರೆದವರಿದ್ದಾರೆ. ಒಬ್ಬ ಡಾನ್ಯಲ್ ಅಲ್ಲ, ನೂರಾರು ಡಾನ್ಯಲ್‌ಗಳು.

ಮತ ಎಣಿಸುವಾಗ ನಾವು ಬೆರಳೆಣಿಕೆಯ ಜನ. ಸಾಯುವಾಗ ಮಾತ್ರ ಯಾರೂ ಅರ್ಧ ದಾಟಿತೇ ಅಂತ ನೋಡಲಿಲ್ಲ. ಹೈನಿಯ ದೋಣಿ ಮುಳುಗಿದಾಗ ಯಾವ ದೊರೆ ಬಂದು ಇದು ಸಲ್ಲದು, ವಾಪಸ್ ತನ್ನಿ ಅಂದ? ಮೈ ಉರಿಯುತ್ತಿದೆ. ಡೆನ್ಮಾರ್ಕಿನ ಮೇಲೆ ಉರಿದರೆ ಅರ್ಥವಿದೆ. ನನಗೆ ಉರಿಯುತ್ತಿರುವುದು ನನ್ನ ತಮ್ಮನ ಮೇಲೆ.

ಬಾಗಿಲಿಗೆ ಬಂದ. ಒಳಗೆ ಬಿಡಲಿಲ್ಲ.

"ಅಕ್ಕಾ, ನಾನು ಬೇಕು ಅಂತ —"

"ಇನ್ನು ನನ್ನೆದುರು 'ಬೇಡ' ಅನ್ನೋ ಮಾತು ಆಡಿದ್ರೆ ನಾಲಿಗೆ ಸೀಳ್ತೀನಿ. ಎಲ್ಲೂ ಆಡ್ಬೇಡ. ಸಭೇಲೂ ಆಡ್ಬೇಡ. ಬಾಯಿಗೆ ಉಣ್ಣೆ ತುರುಕ್ಕೊಂಡು ಕೂತ್ಕೋ."

ತಲೆ ತಗ್ಗಿಸಿ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋಗಲಿ.

ಅಕ್ಟೋಬರ್ ೧೯

ಕುರಿ ಕಡಿದೆವು. ಮಾಂಸ ಒಣಹಾಕುವ ಕೊಟ್ಟಿಗೆ ಇಬ್ಬರದೂ ಒಂದೇ. ಅವನು ಆ ಕಡೆ ತೂಗು ಹಾಕಿದ, ನಾನು ಈ ಕಡೆ.

ನವೆಂಬರ್ ೯

ನಿನ್ನೆ ಚುನಾವಣೆ. ಸೋತೆವು. ಡೆನ್ಮಾರ್ಕಿನ ಕಡೆಯವರೇ ಹೆಚ್ಚು. ಎರಡು ತಿಂಗಳಿಗೆ ಜನ ಹೇಗೆ ಬದಲಾಗುತ್ತಾರೆ! ಬದಲಾಗಿಲ್ಲ, ಹೆದರಿದ್ದಾರೆ. ಬಿಲ್ಲಾಳ ಗಂಡನೇ ಆ ಕಡೆ ಹಾಕಿದ್ದಾನೆ. ಅವಳು ಇವತ್ತು ಅವನಿಗೆ ಹಳಸಲು ಗಂಜಿ ಬಡಿಸಿದಳಂತೆ.

ನವೆಂಬರ್ ೩೦

ಮೋರ್ಟನ್ ಮುಂದಿನ ಶನಿವಾರ ಸಭೆ ಕರೆದಿದ್ದಾನೆ. ಬೇಲಿ ರಿಪೇರಿ, ಟಗರು ಬಿಡುವ ದಿನ, ಮತ್ತು — ಉಗ್ರಾಣದ ಕಂಬದ ಬಾವುಟ ಇಳಿಸುವುದು. ಉಗ್ರಾಣ ನಿಂತಿರುವುದು ಹುಲ್ಲುಗಾವಲಿನ ಮಣ್ಣಿನ ಮೇಲೆ, ಆದ್ದರಿಂದ ಸಭೆಗೆ ಅಧಿಕಾರವಂತೆ.

"ಊರಲ್ಲಿ ಶಾಂತಿ ಇರ್ಲಿ ಅಂತ ಅಷ್ಟೇ ಸುನ್ನೇವಾ. ನಿನ್ನ ಹೊಲಿಗೆ ಚೆನ್ನಾಗಿದೆ. ಮನೇಲಿ ಗೋಡೆಗೆ ಹಾಕ್ಕೋ."

ಗೋಡೆಗೆ! ಕೈಯಲ್ಲಿದ್ದ ಮೀನು ಅವನ ಮುಖಕ್ಕೆ ಎಸೆಯಬೇಕಿತ್ತು. ಎಸೆಯಲಿಲ್ಲ, ಕೂಲಿ ಅವನದು. ಆ ನಾಚಿಕೆಗೂ ಸೇರಿಸಿ ಸಿಟ್ಟು.

ಡಿಸೆಂಬರ್ ೩

ಬಿಲ್ಲಾ ಮನೆ ಮನೆ ಸುತ್ತಿ ಬಂದಳು. "ಎಲ್ರೂ ಅಯ್ಯೋ ಪಾಪ ಅಂತಾರೆ ಕಣೇ. ಸಭೇಲಿ ಬಾಯಿ ಬಿಡ್ತೀರಾ ಅಂದ್ರೆ ಹೆಂಡ್ತಿ ಮುಖ ನೋಡ್ತಾರೆ." ಎಲ್ಲರೂ ಮೋರ್ಟನ್ನನ ಅಂಗಡಿಗೆ ಬಾಕಿ. ಯಾರಿಗೂ ಹೆದರದೆ ಕೂಗುವ ಗಂಟಲು ಊರಲ್ಲಿ ಒಂದೇ ಇತ್ತು. ಅದಕ್ಕೆ ಉಣ್ಣೆ ತುರುಕಿದವಳು ನಾನೇ. ಇದನ್ನು ಬರೆಯುತ್ತಾ ನಗು ಬರುತ್ತಿದೆ, ಕೆಟ್ಟ ನಗು.

ಡಿಸೆಂಬರ್ ೬, ಸಂಜೆ

ಕೊಟ್ಟಿಗೆಯಲ್ಲಿ ಮಾಂಸ ತಿರುವಿ ಹಾಕುತ್ತಿದ್ದೆ. ಡಾನ್ಯಲ್ ಹಿಂದೆ ಬಂದು ನಿಂತ. ಇಳಿದುಹೋಗಿದ್ದಾನೆ. ಟೋಪಿ ಕೈಯಲ್ಲಿ ಹಿಂಡುತ್ತಿದ್ದ.

"ಅಕ್ಕಾ."

ಮಾಂಸ ತಿರುವುತ್ತಲೇ ಇದ್ದೆ.

"ನಾಳೆ ಸಭೇಲಿ... ಆ ಮಾತು ಆಡ್ಬಹುದಾ?"

ಇಷ್ಟು ದೊಡ್ಡ ಗಂಡಸು. ಬೇಡ ಅನ್ನಲು ಅಕ್ಕನ ಅಪ್ಪಣೆ ಕೇಳುತ್ತಾನೆ! ಅಳು ನುಗ್ಗಿ ಬಂತು, ಅದರ ಹಿಂದೆಯೇ ಸಿಟ್ಟು.

"ಸೆಪ್ಟೆಂಬರಲ್ಲಿ ಕೇಳ್ಬೇಕಿತ್ತು."

"ಹೂಂ. ಕೇಳ್ಬೇಕಿತ್ತು." ಟೋಪಿ ಇನ್ನೊಂದು ಸಲ ಹಿಂಡಿ, "ಈಗ ಕೇಳ್ತಿದೀನಿ."

ಒಂದು ತೊಡೆ ಮಾಂಸ ಇಳಿಸಿ ಕೈಗೆ ಕೊಟ್ಟೆ. ಕ್ಷಮಿಸಿಲ್ಲ. ಉಂಡಿಲ್ಲ ಅಂತ ಮುಖ ಹೇಳುತ್ತಿತ್ತು, ಅದಕ್ಕೆ.

ಡಿಸೆಂಬರ್ ೭, ಬೆಳಿಗ್ಗೆ

ಗಾಳಿ ಜೋರು. ಬಾವುಟದ ಸದ್ದು ಇಲ್ಲಿಗೂ ಕೇಳುತ್ತಿದೆ.

ನಿದ್ದೆಯಿಲ್ಲದೆ ಒಂದು ವಿಷಯ ಹೊಳೆಯಿತು. ಹೈನಿಯ ಪಾಲಿನ ಹುಲ್ಲುಗಾವಲು ಈಗ ನನ್ನ ಹೆಸರಿನಲ್ಲಿದೆ. ಐದು ವರ್ಷದಿಂದ ಸಭೆಗೆ ಹೋಗುತ್ತೇನೆ, ಗೋಡೆ ಪಕ್ಕ ಕೂತು ಕಾಲುಚೀಲ ಹೆಣೆಯುತ್ತೇನೆ, ಎದ್ದು ಬರುತ್ತೇನೆ. ಹೆಂಗಸರು ಬಾಯಿ ಬಿಡಬಾರದು ಅಂತ ಯಾರೂ ಹೇಳಿಲ್ಲ. ಯಾರೂ ಬಿಟ್ಟಿಲ್ಲ, ಅಷ್ಟೇ. ನಮ್ಮೂರಲ್ಲಿ ಸುಮ್ಮನಿದ್ದರೆ ಒಪ್ಪಿದ ಹಾಗೆ. ಅಂದರೆ ಇಷ್ಟು ವರ್ಷ ಮೋರ್ಟನ್ ಹೇಳಿದ್ದಕ್ಕೆಲ್ಲ ನಾನೂ ಒಪ್ಪಿದ್ದೇನೆ! ಡೆನ್ಮಾರ್ಕನ್ನು ಬೈಯುತ್ತಾ ಕೂತಿದ್ದೆ.

ದೇಶ ಸದ್ಯಕ್ಕೆ ಹೋಯಿತು. ಕಂಬ ಇದೆ.

ಡಾನ್ಯಲ್ ಹೊರಗೆ ಬಂದು ನಿಂತಿದ್ದಾನೆ, ಗಂಟಲು ಸರಿಮಾಡಿಕೊಳ್ಳುವುದು ಕೇಳುತ್ತಿದೆ. ಹೆಣಿಗೆ ಇಲ್ಲೇ ಬಿಟ್ಟು ಹೋಗುತ್ತೇನೆ. ಮೋರ್ಟನ್ ಕೇಳಲಿ, ಬೇಡ ಅನ್ನುವವರು ಯಾರು ಅಂತ. ಇವನು ಬಾಯಿ ತೆರೆಯುವ ಮೊದಲೇ ನಾನು ಅಂದಿರುತ್ತೇನೆ, ಬೇಡ.