ಅತಿಥಿಗಳಿಗೆ ಕೊಟ್ಟ ತಂಪುಮನೆ

ಫೆಬ್ರವರಿ ೩೦, ೨೧೭೪
ಪನಾಯ್ ದ್ವೀಪ, ಫಿಲಿಪೀನ್ಸ್

ಒಂದೂವರೆ ಶತಮಾನ ಹಿಂದಿರುವ ಹಿರಿಯರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸರಿಸಮ ಮಾಡಿದ್ದಾರೆ. ನನ್ನ ಕನ್ನಡದಲ್ಲಿ ನಿಮಗೆ ತಿಳಿಯದ ಮಾತು ಬಂದರೆ ಮನ್ನಿಸಿ. ಅಂಥ ಮಾತುಗಳ ಅಗತ್ಯ ನಿಮಗಿನ್ನೂ ಬಿದ್ದಿಲ್ಲ.

ನಾನು ನೀಲವ್ವ ಬಡಿಗೇರ, ಇಳಕಲ್ಲಿನವಳು. ಓದುತ್ತಿರುವುದು ಕಡಲಬೇಸಾಯ, ಎಂದರೆ ಉಪ್ಪುನೀರಿನಲ್ಲಿ ಭತ್ತ ಬೆಳೆಯುವ ವಿದ್ಯೆ. ಅದನ್ನು ಈ ದ್ವೀಪದವರಷ್ಟು ಬಲ್ಲವರಿಲ್ಲ. ಹಾಗಾಗಿ ನಮ್ಮ ಪ್ರಾಧ್ಯಾಪಕ ಮುರಿಗೆಪ್ಪನವರ ಹಿಂದೆ ನಾವೊಂದಿಷ್ಟು ಜನ ವಿನಿಮಯ ವಿದ್ಯಾರ್ಥಿಗಳಾಗಿ ಇಲ್ಲಿನ ಒಂದು ಸರಕಾರಿ ವಿಶ್ವವಿದ್ಯಾಲಯಕ್ಕೆ ಬಂದೆವು. ಇಲ್ಲಿ ಪಾಠವೆಲ್ಲ ಬೆಳಗಿನ ಜಾವ, ಮೊಣಕಾಲುದ್ದದ ನೀರಿನಲ್ಲಿ ನಿಂತು. ಆಮೇಲೆ ಊಟದ ಮನೆಯಲ್ಲಿ ಎಲ್ಲರಿಗೂ ಒಂದೇ ಹಂಡೆಯಿಂದ ಹುಣಸೆಹುಳಿಯ ಸಾರು, ಅನ್ನ, ಹುರಿದ ಒಣಮೀನು. ಬಿಸಿಲೇರಿದಾಗ ಸೈರನ್ ಕೂಗುತ್ತದೆ. ಅದು ನೆರಳುಗಂಟೆ. ಆ ಹೊತ್ತಿನಲ್ಲಿ ಹೊರಗಿದ್ದರೆ ಬೆವರುವುದು ನಿಂತುಹೋಗಿ ಮನುಷ್ಯ ಬಿದ್ದುಬಿಡುತ್ತಾನೆ. ಅದಕ್ಕೆಂದೇ ಕ್ಯಾಂಪಸ್ಸಿನಲ್ಲಿ ಗಾಜಿನ ಬಾಗಿಲಿನ ಒಂದು ತಂಪುಮನೆ ಇದೆ. ಅದನ್ನು ನಮ್ಮ ವಾಸಕ್ಕೆ ಕೊಟ್ಟರು.

ಬಂದ ವಾರದಲ್ಲೇ ರೊವೆನಾ ಎಂಬ ಹುಡುಗಿ ಬಾಗಿಲಿಗೆ ಬಂದು, ಮಂಚದ ಕೆಳಗೆ ತನ್ನ ಚಪ್ಪಲಿ ಉಳಿದಿದೆಯೇ ನೋಡಲು ಹೇಳಿದಳು. ಉಳಿದಿದ್ದವು. ನನಗಿಂತ ಚಿಕ್ಕವಳಾದ್ದರಿಂದ ನನ್ನನ್ನು ಮಾನಂಗ್ ಎಂದಳು. ಇಲ್ಲಿಯವರ ಬಾಯಲ್ಲಿ ಹಾಗೆಂದರೆ ಅಕ್ಕ. ನಾವು ಬರುವ ತನಕ ಅದು ಅವಳ ಮಂಚವಾಗಿತ್ತಂತೆ. ಅವಳನ್ನೂ ಅವಳ ಜೊತೆಯವರನ್ನೂ ಆಟದ ಮೈದಾನದ ತಗಡಿನ ಶೆಡ್ಡಿಗೆ ಸಾಗಿಸಿದ್ದರು. ತಂಪುಯಂತ್ರಗಳನ್ನು ಕಳಿಸುವುದು ನಮ್ಮ ದೇಶ. ಆದ್ದರಿಂದ ನಮ್ಮವರು ಹೇಳಿದ ಹಾಗೆ, ತಂಪುಮನೆ ನಮಗೆ ಮಾತ್ರ ಎಂದು ಒಪ್ಪಂದವಾಗಿತ್ತು.

ನಾನು ಮುರಿಗೆಪ್ಪನವರನ್ನು ಕೇಳಿದೆ. “ಇಲ್ಲಿಯವ್ರಿಗೆ ಸೆಕಿ ರೂಢಿ ಐತಿ, ನೀಲವ್ವಾ. ನಮಗ ಇಲ್ಲ. ಅಷ್ಟ,” ಎಂದರು. ಜಾಗ ಹಂಚಿಕೊಳ್ಳೋಣವೆಂದರೆ ನನ್ನ ಜೊತೆಯವರು ಮೂಗು ಹಿಡಿದು ನಕ್ಕರು. “ಮೀನಿನ ನಾತ ಹಾಸಿಗಿಗೆಲ್ಲಾ ಹತ್ತತೈತ್ರಿ ಸರ್!” ನಸುಕಿನಲ್ಲಿ ಅದೇ ಹುಡುಗಿಯರ ಪಕ್ಕದಲ್ಲಿ ನಿಂತು ನಾಟಿ ಕಲಿತವರು ಇವರು.

ಮುಂದಿನ ತಿಂಗಳು, ಒಂದು ನೆರಳುಗಂಟೆಯಲ್ಲಿ, ಯಾರೋ ಗಾಜಿಗೆ ದಬದಬ ಬಡಿದರು. ರೊವೆನಾ ತನ್ನ ಗೆಳತಿ ಲೂಸ್‌ಳನ್ನು ಬೆನ್ನ ಮೇಲೆ ಹೊತ್ತು ನಿಂತಿದ್ದಳು. ಲೂಸ್‌ಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. “ಮಾನಂಗ್, ಬಾಗಿಲು ತೆಗಿ! ಇವಳು ಮಾತಾಡ್ತಿಲ್ಲ!”

“ತೆಗಿಬ್ಯಾಡ,” ಎಂದರು ಮುರಿಗೆಪ್ಪನವರು. “ಒಬ್ಬಾಕಿನ್ನ ಬಿಟ್ಟರ ಎಲ್ಲಾರೂ ಬರ್ತಾರ.” ಚಿಲಕಕ್ಕೆ ಅಡ್ಡಲಾಗಿ ಕೈಯಿಟ್ಟರು. ನನ್ನ ಜೊತೆಯವರು ಮಂಚಗಳ ಮೇಲೆ ಕೂತು ನೋಡುತ್ತಿದ್ದರು, ಒಬ್ಬರೂ ಏಳಲಿಲ್ಲ. ನಾನು ಮುರಿಗೆಪ್ಪನವರ ಕೈ ಎಳೆದುಹಾಕಿ ಬಾಗಿಲು ತೆಗೆದೆ. ಅಷ್ಟು ಮಾಡಲು ಹೊತ್ತು ಹಿಡಿಯಿತು, ಏಕೆಂದರೆ ಅವರು ಸುಲಭಕ್ಕೆ ಚಿಲಕ ಬಿಡಲಿಲ್ಲ.

ಲೂಸ್‌ಳನ್ನು ನನ್ನ ಮಂಚದ ಮೇಲೆ ಮಲಗಿಸಿದೆವು. ಮೈ ಕಾದ ಹಂಚಿನಂತಿತ್ತು. ಒದ್ದೆ ಬಟ್ಟೆ ಸುತ್ತುತ್ತಿದ್ದ ಹಾಗೆ ಅವಳು ವಾಂತಿ ಮಾಡಿಕೊಂಡಳು. ಆಗ ನಮ್ಮ ಪ್ರಾಧ್ಯಾಪಕರು, ನನಗೆ ಪಾಠ ಹೇಳಿದ ಗುರುಗಳು, ಪೆಟ್ಟಿಗೆಯಿಂದ ಅತ್ತರಿನ ಶೀಶೆ ತೆಗೆದು ಆ ಮಂಚದ ಸುತ್ತ ಸಿಂಪಡಿಸಿದರು. ಹುಡುಗಿ ಉಸಿರಿಗಾಗಿ ಬಾಯಿ ಬಿಡುತ್ತಿದ್ದಳು. ಅವಳ ಬಾಯಿಗೂ ಒಂದಿಷ್ಟು ಬಿತ್ತು. ಮಲ್ಲಿಗೆಯ ಅತ್ತರು.

ಲೂಸ್ ಬದುಕಿದ್ದಾಳೆ. ಆದರೆ ನಾಲಿಗೆ ತೊದಲುತ್ತದೆ, ಎಡಗೈ ಏಳುವುದಿಲ್ಲ. ನೀರಿಗಿಳಿದು ಪಾಠ ಕೇಳಲಾರಳು. ಒಪ್ಪಂದ ಮುರಿದೆನೆಂದು ಮುರಿಗೆಪ್ಪನವರು ದೂರು ಕೊಟ್ಟರು. ಇಲ್ಲಿಯ ಕುಲಪತಿಗಳು ನನ್ನ ಮುಖ ನೋಡದೆ ತಲೆಯಾಡಿಸಿದರು. ಅವರಿಗೆ ಯಂತ್ರಗಳು ಬೇಕು. ನನ್ನನ್ನು ಊರಿಗೆ ವಾಪಸು ಕಳಿಸುತ್ತಿದ್ದಾರೆ. ಹಡಗು ಬರುವವರೆಗೆ ತಗಡಿನ ಶೆಡ್ಡಿನಲ್ಲಿದ್ದೇನೆ. ಹುಡುಗಿಯರು ಸರಿದು ಜಾಗ ಮಾಡಿಕೊಟ್ಟರು.

ರೊವೆನಾ ನನಗೆ ಥ್ಯಾಂಕ್ಸ್ ಹೇಳಲಿಲ್ಲ. ನಿನ್ನೆ ತಟ್ಟೆಯಿಂದ ಮೀನು ಮುರಿದು ನನಗಿಷ್ಟು ಕೊಡುತ್ತಾ, “ನೀನು ತೆಗೆದೆ, ಸರಿ. ನಮ್ಮ ಬಾಗಿಲಿಗೆ ಆ ಚಿಲಕ ಹಾಕಿಸಿದ್ದು ಯಾರು, ಮಾನಂಗ್?” ಎಂದು ಕೇಳಿದಳು. ನಾವು ಬರುವ ಮೊದಲು ಅದಕ್ಕೆ ಚಿಲಕವೇ ಇರಲಿಲ್ಲವಂತೆ. ನಾನು ಅನ್ನ ಕಲಸುತ್ತಾ ಕೂತೆ.

ನಮ್ಮ ಕಾಲದವರಿಗೆ ಇದನ್ನು ಹೇಳಿ ನೋಡಿದೆ. ಅತಿಥಿಗಳಿಗೆ ಅನುಕೂಲ ಬೇಡವೇ ಎನ್ನುತ್ತಾರೆ. ಹಾಗಾಗಿ ನಿಮಗೆ ಬರೆಯುತ್ತಿದ್ದೇನೆ. ನೀವೂ ಮಕ್ಕಳನ್ನು ಕಡಲಾಚೆ ಓದಲು ಕಳಿಸುತ್ತೀರಿ, ಒಪ್ಪಂದಗಳಿಗೆ ಸಹಿ ಹಾಕುತ್ತೀರಿ, ಕೈಕುಲುಕಿ ಫೋಟೋ ತೆಗೆಸಿಕೊಳ್ಳುತ್ತೀರಿ. ಅದರಲ್ಲೆಲ್ಲೋ “ನಮ್ಮವರಿಗೆ ಪ್ರತ್ಯೇಕ ವ್ಯವಸ್ಥೆ” ಎಂಬ ಮಾತಿದ್ದರೆ, ದಯವಿಟ್ಟು ಅಲ್ಲೇ ಹೊಡೆದುಹಾಕಿ. ಆ ತಂಪುಮನೆಯನ್ನು ಇನ್ನೂ ಕಟ್ಟಿಲ್ಲದ ಕಾಲದಲ್ಲಿ ನೀವಿದ್ದೀರಿ.

ಇಂತಿ,
ನೀಲವ್ವ